ಹೊತ್ತು ಕಳೆಯೋದು ಬ್ಯಾರೆ, ಕಾದು ಕೂಡೋದು ಬ್ಯಾರೆ

ರಾಯಚೂರು ಜಿಲ್ಲೆಯಲ್ಲಿ ಗಡಿಯಾರ ಇಲ್ಲದ ಮನೆ ಸಿಗಬಹುದು, ಕಾಯುವ ರೂಢಿ ಇಲ್ಲದ ಮನೆ ಸಿಗಲಾರದು. ಬೆಳಿಗ್ಗೆ ಎದ್ದರೆ ನಳದ ನೀರಿಗೆ ಕಾಯಬೇಕು. ಆಮೇಲೆ ಬಸ್ಸಿಗೆ ಕಾಯಬೇಕು. ಕಚೇರಿಗೆ ಹೋದರೆ ಸಾಹೇಬರಿಗೆ, ಗಂಜಿಗೆ ಹೋದರೆ ಹತ್ತಿಯ ರೇಟಿಗೆ, ಹೊಲಕ್ಕೆ ಹೋದರೆ ಮಳೆಗೆ ಇಲ್ಲವೇ ಕಾಲುವೆ ನೀರಿಗೆ. ಅಂಗಡಿಕಾರರ ಪಾಡೇನು ಬೇರೆಯಲ್ಲ. ಬೋಣಿಗೆಗೆ ಕಾಯುವುದು ಒಂದು, ಉದ್ರಿ ಒಯ್ದವರು ತಿರುಗಿ ಬರಲಿ ಎಂದು ಕಾಯುವುದು ಇನ್ನೊಂದು.

ಹೊರಗಿನಿಂದ ವರ್ಗವಾಗಿ ಬಂದ ನೌಕರರು ನಾಲ್ಕು ದಿನ ಇದನ್ನೆಲ್ಲ ನೋಡಿ ಒಂದು ತೀರ್ಪು ಕೊಟ್ಟುಬಿಡುತ್ತಾರೆ: ಇಲ್ಲಿಯ ಜನಕ್ಕೆ ಹೊತ್ತಿನ ಪರಿವೆ ಇಲ್ಲ, ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುತ್ತಾರೆ, ಚಹಾ ಕುಡಿಯುತ್ತಾರೆ, ಅಷ್ಟೇ. ಈ ಮಾತು ಅರ್ಧ ನಿಜ. ಹರಟೆ ಇರುವುದು ಹೌದು, ಚಹಾ ಇರುವುದೂ ಹೌದು. ಆದರೆ ಅವರು ಹರಟೆ ಹೊಡೆಯಲಿಕ್ಕೆಂದೇ ಬಂದು ಕೂತರೋ, ಕೂಡಬೇಕಾಗಿ ಬಂದದ್ದಕ್ಕೆ ಹರಟೆ ಹೊಡೆದರೋ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ತನ್ನ ಖುಷಿಗೆ ಹೊತ್ತು ಕಳೆಯುವುದು ಬೇರೆ, ಮತ್ತೊಬ್ಬರು ಕಾಯಿಸಿದ್ದಕ್ಕೆ ಕಾದು ಕೂಡುವುದು ಬೇರೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಅಲ್ಲೇ ತಕರಾರು.

ಒಗ್ಗರಣಿ, ಮಿರ್ಚಿ, ಪೇಪರು

ಮೊದಲು ಖುಷಿಯ ಮಾತು ಆಡೋಣ. ತೀನ್ ಕಂದೀಲಿನ ಸುತ್ತಮುತ್ತ ಆಗಲಿ, ಸ್ಟೇಷನ್ ರೋಡಿನಲ್ಲಿ ಆಗಲಿ, ಬೆಳಗಿನ ಹೊತ್ತು ಹೋಟೆಲಿನ ಮುಂದೆ ನಿಂತರೆ ಸಾಕು. ತೊಯಿಸಿ ಹಿಂಡಿದ ಮಂಡಾಳಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಷಿಣ ಬಿದ್ದು, ಮೇಲೆ ಪುಟಾಣಿ ಹಿಟ್ಟು ಉದುರಿದ ಒಗ್ಗರಣಿ. ಪಕ್ಕದಲ್ಲಿ ಬಾಣಲಿಯಿಂದ ಆಗಷ್ಟೇ ಎದ್ದ ಮಿರ್ಚಿ. ಈ ಜೋಡಿಗೆ ರಾಯಚೂರಿನಲ್ಲಿ ಎದುರಾಳಿ ಇಲ್ಲ. ಇಡ್ಲಿ-ವಡೆ ಬಂದವು, ದೋಸೆ ಬಂತು, ಈಚೆಗೆ ಇನ್ನೇನೇನೋ ಬಂದವು. ಒಗ್ಗರಣಿ-ಮಿರ್ಚಿ ಮಾತ್ರ ತನ್ನ ಕುರ್ಚಿ ಬಿಟ್ಟುಕೊಟ್ಟಿಲ್ಲ.

ಅದರ ಜೊತೆಗೆ ಪೇಪರು. ಒಂದು ಪೇಪರನ್ನು ಆರು ಜನ ಹಂಚಿಕೊಂಡು ಓದುವುದು ಇಲ್ಲಿಯ ಹಳೆಯ ಪದ್ಧತಿ. ಮುಂದಿನ ಹಾಳೆ ಒಬ್ಬರಿಗೆ, ಕ್ರಿಕೆಟ್ಟಿನ ಹಾಳೆ ಒಬ್ಬರಿಗೆ, ಪೇಟೆಧಾರಣೆ ಗಂಜಿನ ಕಡೆಯವರಿಗೆ. ಓದು ಬಾರದ ಯಜಮಾನರು ಎದುರಿಗೆ ಕೂತು, ‘ಏನ್ ಬರದಾರ ತಮ್ಮಾ, ಡ್ಯಾಮಿಗಿ ನೀರು ಎಷ್ಟು ಬಂದದ ಅಂತ?’ ಎಂದು ಕೇಳುತ್ತಾರೆ. ಓದುವ ಹುಡುಗ ಗಟ್ಟಿಯಾಗಿ ಓದುತ್ತಾನೆ. ಹೋಟೆಲಿಗೆ ಹೋಟೆಲೇ ಒಂದು ಸಭೆಯಾಗುತ್ತದೆ. ಪಾಲಿಕೆಯ ಸಭೆಯಲ್ಲಿ ಏಳದ ಪ್ರಶ್ನೆಗಳು ಇಲ್ಲಿ ಏಳುತ್ತವೆ, ಉತ್ತರವೂ ಇಲ್ಲೇ ಸಿಗುತ್ತದೆ. ಠರಾವು ಪಾಸಾಗುವುದಿಲ್ಲ, ಅಷ್ಟೇ ಕೊರತೆ.

ಈಗ ಮೊಬೈಲು ಬಂದಿದೆ. ಆರು ಜನ ಕೂತಿದ್ದರೆ ಆರೂ ತಲೆ ಕೆಳಗೆ ಬಾಗಿರುತ್ತವೆ. ಹಾಗಂತ ಮಾತು ಪೂರಾ ನಿಂತಿದೆ ಎನ್ನಲಾಗದು. ಒಬ್ಬರು ವಿಡಿಯೋ ನೋಡಿ ನಕ್ಕರೆ ಪಕ್ಕದವರು ಇಣುಕುತ್ತಾರೆ, ಅಲ್ಲಿಂದ ಮಾತು ಸುರುವಾಗುತ್ತದೆ. ಕೊನೆಗೆ ಮತ್ತದೇ ಡ್ಯಾಮು, ಅದೇ ರೇಟು, ಅದೇ ಬಸ್ಸು.

ಕಾರಹುಣ್ಣಿಮೆಯ ಕಲ್ಲು

ವರ್ಷಕ್ಕೊಮ್ಮೆ ಊರಿಗೆ ಊರೇ ಖುಷಿಯಿಂದ ಹೊತ್ತು ಕಳೆಯುವುದು ಕಾರಹುಣ್ಣಿಮೆಗೆ. ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ರಾಜೇಂದ್ರ ಗಂಜಿನ ಬಯಲು ಜನರಿಂದ ತುಂಬುತ್ತದೆ. ಎತ್ತಿನ ಜೋಡಿ ಭಾರದ ಕಲ್ಲು ಎಳೆಯಬೇಕು. ಒಂದು ದಿನ ಒಂದೂವರೆ ಟನ್ನಿನ ಕಲ್ಲು, ಮರುದಿನ ಎರಡು ಟನ್, ಮೂರನೆಯ ದಿನ ಎರಡೂವರೆ ಟನ್. ಗೊತ್ತುಮಾಡಿದ ವೇಳೆಯೊಳಗೆ ಎಷ್ಟು ದೂರ ಎಳೆದವು ಎಂಬುದೇ ಲೆಕ್ಕ. ಆಂಧ್ರ, ತೆಲಂಗಾಣ ಕಡೆಯಿಂದಲೂ ಲಾರಿಯಲ್ಲಿ ಎತ್ತು ಬರುತ್ತವೆ. ಕುಸ್ತಿ ಉಂಟು, ಕಲ್ಲು ಎತ್ತುವ ಪಂದ್ಯ ಉಂಟು, ಉಸುಕಿನ ಚೀಲ ಎತ್ತುವುದೂ ಉಂಟು. ಬಿಸಿಲಿನಲ್ಲಿ ತಲೆಗೆ ಟವೆಲ್ಲು ಸುತ್ತಿ ನಿಂತ ಜನರಿಗೆ ಕಾಲು ನೋಯುವುದು ನೆನಪಾಗುವುದು ಮನೆಗೆ ಹೋದ ಮೇಲೆಯೇ.

ಈ ಊರಿಗೂ ಕಲ್ಲು ಎಳೆಯುವುದಕ್ಕೂ ಹಳೆಯ ನಂಟು. ಕೋಟೆಯ ಗೋಡೆಯಲ್ಲಿ 41 ಅಡಿಗೂ ಮೀರಿದ ಒಂದೇ ಉದ್ದ ಕಲ್ಲು ಇದೆ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ಗೋರೆ ಗನ್ನಯ ರೆಡ್ಡಿಯ ಅಪ್ಪಣೆಯಂತೆ ವಿಠ್ಠಲನಾಥನು ಕೋಟೆ ಕಟ್ಟಿಸಿದ ಸಂಗತಿಯನ್ನು ಆ ಕಲ್ಲಿನ ಶಾಸನ ಹೇಳುತ್ತದೆ. ಅಷ್ಟು ದೊಡ್ಡ ಕಲ್ಲನ್ನು ತಂದದ್ದಾದರೂ ಹೇಗೆ? ಅದಕ್ಕೂ ಉತ್ತರವನ್ನು ಗೋಡೆಯ ಮೇಲೆಯೇ ಗೆರೆಯಲ್ಲಿ ಕೊರೆದಿದ್ದಾರೆ: ಗಾಲಿ ಬಂಡಿಯ ಮೇಲೆ ಕಲ್ಲು, ಮುಂದೆ ಸಾಲು ಸಾಲು ಕೋಣಗಳು. ಏಳುನೂರು ವರ್ಷದ ಹಿಂದಿನವರಿಗೂ ಇದು ನೋಡುವ ಸಂಗತಿ ಎನಿಸಿತ್ತು ಎಂದಾಯಿತು. ಕೋಟೆಯ ಬಗಲಲ್ಲೇ ದಿನಾ ಓಡಾಡುವವರಲ್ಲಿ ಎಷ್ಟು ಜನ ಆ ಚಿತ್ರ ನೋಡಿದ್ದಾರೋ! ಬಸ್ಸು ತಡವಾದ ದಿನ ನೋಡಿ ಬರಬಹುದು.

ಎತ್ತು ಸಾಕುವುದು ಈಗ ಸುಮ್ಮನೆ ಅಲ್ಲ. ಹೊಲಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಪಂದ್ಯದ ಜೋಡಿಗೆಂದೇ ಹಿಂಡಿ, ಹುರುಳಿ ಖರ್ಚು ಮಾಡುವವರು ಹವ್ಯಾಸಕ್ಕೆ ಮಾಡುತ್ತಾರೆಯೇ ಹೊರತು ಲಾಭಕ್ಕಲ್ಲ. ಆದರೂ ಮಾಡುತ್ತಾರೆ. ಖುಷಿಯ ಕೆಲಸ ಎಂದರೆ ಹೀಗೆಯೇ. ಖರ್ಚು ಅವರದು, ಹೊತ್ತು ಅವರದು, ಯಾರ ಒತ್ತಾಯವೂ ಇಲ್ಲ.

ಮಾನ್ವಿಯ ನೀರು, ಮಾನ್ವಿಯ ರೈಲು

ಇನ್ನು ಒತ್ತಾಯದ ಕಾಯುವಿಕೆಗೆ ಬರೋಣ. ರಾಯಚೂರಿನಿಂದ ಬಸ್ಸು ಹತ್ತಿ ಕಲ್ಮಲಾ ಮುಟ್ಟಿದರೆ ದಾರಿ ಕವಲೊಡೆಯುತ್ತದೆ. ಒಂದು ನೀರಮಾನ್ವಿ ಮೇಲಿಂದ ಮಾನ್ವಿಗೆ, ಇನ್ನೊಂದು ಗಬ್ಬೂರಿನ ಮೇಲಿಂದ ದೇವದುರ್ಗಕ್ಕೆ. ದಾರಿ ಎರಡಾದಂತೆ ಕಾಯುವ ರೀತಿಯೂ ಎರಡಾಗುತ್ತದೆ.

ಮಾನ್ವಿ ಎಂದರೆ ದಾಸರ ಊರು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ನೆಲೆನಿಂತ ಜಾಗ ಇದು. ಅವರು ಹುಟ್ಟಿದ ಬ್ಯಾಗವಾಟ, ವಿಜಯದಾಸರು ಹುಟ್ಟಿದ ಚೀಕಲಪರವಿ ಇವೂ ಈ ಸೀಮೆಯವೇ. ಭಾದ್ರಪದದಲ್ಲಿ ಜಗನ್ನಾಥದಾಸರ ಆರಾಧನೆ ಬಂದಾಗ ದಾಸರ ಪದ ಕೇಳಲು ದೂರದೂರದವರು ಬರುತ್ತಾರೆ. ನೀರಮಾನ್ವಿ ಯಲ್ಲಮ್ಮನ ಜಾತ್ರೆಗಂತೂ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೊಹರಂ ಬಂದರೆ ಈ ಜಿಲ್ಲೆಯ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಇವರು ಯಾವ ಜಾತಿ, ಅವರು ಯಾವ ಮತ ಎಂದು ಕೇಳುವ ಪದ್ಧತಿಯೇ ಇಲ್ಲ. ಹೊತ್ತು ಕಳೆಯಲು ಮಾನ್ವಿಯವರಿಗೆ ಹೇಳಿಕೊಡಬೇಕಾದ್ದೇನೂ ಇಲ್ಲ.

ಆದರೆ ಮಾನ್ವಿಯ ಅಂಗಡಿಯ ಗಲ್ಲಾಪೆಟ್ಟಿಗೆ ತುಂಬುವುದು ಕಾಲುವೆಯಿಂದ. ತುಂಗಭದ್ರಾ ಡ್ಯಾಮು ಆದದ್ದು 1953ರಲ್ಲಿ. ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ಬರುವಾಗ ಮಾನ್ವಿ, ಸಿರವಾರ, ರಾಯಚೂರು ಕಡೆಗೆ ಉಳಿಯುತ್ತವೆ. ಕೆಳಭಾಗ ಎಂದು ಕಾಗದದಲ್ಲಿ ಬರೆಯುತ್ತಾರೆ. ಕೆಳಭಾಗಕ್ಕೆ ನೀರು ಬರುವುದು ಮೇಲಿನವರು ಬಿಟ್ಟ ಮೇಲೆ. ಹೀಗಾಗಿ ಇಲ್ಲಿಯ ರೈತರಿಗೆ ಮೈಲು 69, ಮೈಲು 104 ಎಂಬ ಅಂಕಿಗಳು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ. ಆ ಮೈಲಿನಲ್ಲಿ ಗೇಜು ಎಷ್ಟಿದೆ ಎಂಬುದರ ಮೇಲೆ ಬೀಜ, ಗೊಬ್ಬರ, ಸಾಲ, ಮದುವೆ ಎಲ್ಲ ನಿಂತಿವೆ. ನೀರಿನ ಜಗಳ ಏರಿ ಕಾಲುವೆಯುದ್ದ ನಿಷೇಧಾಜ್ಞೆ ಹಾಕಿದ ವರ್ಷಗಳೂ ಉಂಟು.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತು. ಆ ವಾರ ಮಾನ್ವಿಯಲ್ಲಿ ಯಾವ ಹೋಟೆಲಿನಲ್ಲೂ ಬೇರೆ ಮಾತಿರಲಿಲ್ಲ. ತುಂಬಿದ ಡ್ಯಾಮು ಕಣ್ಣೆದುರು ಖಾಲಿಯಾಗುತ್ತಿತ್ತು. ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಡೆ ಇಳಿಸಿದರು. ಆಮೇಲೆ ಮಳೆಯೂ ಕೈಹಿಡಿಯಿತು, ಜನ ಉಸಿರು ಬಿಟ್ಟರು. ಗೇಟಿನ ಚೈನು ಕಡಿದದ್ದು ಹೊಸಪೇಟೆ ಹತ್ತಿರ, ಎದೆ ಹೊಡೆದುಕೊಂಡದ್ದು ಮಾನ್ವಿಯಲ್ಲಿ. ಕೆಳಭಾಗ ಎಂದರೆ ಇದು.

ರೈಲಿನ ಕಥೆಯೂ ಇಂಥದೇ. ಮುಂಬಯಿಯಿಂದ ಬಂದ ಹಳಿ, ಮದರಾಸಿನಿಂದ ಬಂದ ಹಳಿ ಎರಡೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ದೇಶಕ್ಕೇ ಮುಖ್ಯವಾದ ಆ ಲೈನಿನಿಂದ ಮಾನ್ವಿ ಬಸ್ಸಿನಲ್ಲಿ ಒಂದು ತಾಸಿನ ಹಾದಿ, ಅಷ್ಟೇ. ಮುನಿರಾಬಾದ್–ಮಹಬೂಬನಗರ ಲೈನಿಗೆ 1990ರ ದಶಕದಲ್ಲೇ ಮಂಜೂರಾತಿ ಸಿಕ್ಕಿತ್ತು. ಆಗ ಹುಟ್ಟಿದ ಹುಡುಗರಿಗೆ ಮಕ್ಕಳಾದವು. ರೈಲು ಆ ಕಡೆಯಿಂದ ಹಂತಹಂತವಾಗಿ ಬಂದು 2024ರಲ್ಲಿ ಸಿಂಧನೂರು ಮುಟ್ಟಿತು. ‘ಇನ್ನೇನ್ರಿ, ಮುಂದ ನಮ್ಮೂರೇ’ ಎಂದು ಮಾನ್ವಿಯವರು ಅಂದಾಗ ಅದರಲ್ಲಿ ಖುಷಿ ಎಷ್ಟು, ಚೇಷ್ಟೆ ಎಷ್ಟು ಎಂದು ತಿಳಿಯುವುದು ಕಷ್ಟ.

ದೇವದುರ್ಗದ ರಾತ್ರಿ ಬಸ್ಸು

ಮಾನ್ವಿಯವರು ಕೂತು ಕಾಯುತ್ತಾರೆ. ದೇವದುರ್ಗದ ಬಡವರಿಗೆ ಕೂತು ಕಾಯುವ ಅನುಕೂಲವೂ ಇಲ್ಲ. ಅವರು ಗಂಟು ಕಟ್ಟಿ ಹೊರಡುತ್ತಾರೆ. ಇದಕ್ಕೆ ಇಲ್ಲಿಯ ಮಾತಿನಲ್ಲಿ ಗುಳೆ ಎನ್ನುವುದು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟಿದ ಊರುಗಳಲ್ಲಿ ಹೊಲ ಹಸಿರಾದದ್ದುಂಟು. ಮುಟ್ಟದ ಊರುಗಳಲ್ಲಿ, ತಾಂಡಾಗಳಲ್ಲಿ ಹಿಂಗಾರಿನ ಕೆಲಸ ಮುಗಿಯುವುದೇ ತಡ, ಬೆಂಗಳೂರಿನ ರಾತ್ರಿ ಬಸ್ಸಿಗೆ ಜನ ನಿಂತಿರುತ್ತಾರೆ. ಜೋಳದ ಹಿಟ್ಟಿನ ಚೀಲ, ಖಾರದ ಡಬ್ಬಿ, ತವಾ, ಕೊಡ, ಕಂಕುಳಲ್ಲಿ ಕೂಸು. ಅಲ್ಲಿ ಕಟ್ಟಡದ ಕೆಲಸ, ಶೆಡ್ಡಿನ ವಾಸ.

ಮನೆಯಲ್ಲಿ ಉಳಿದ ಮುದುಕರಿಗೆ ಹೊತ್ತು ಹೋಗುವುದು ಫೋನಿನಲ್ಲಿ. ‘ಯವ್ವಾ, ಉಂಡೇನು? ರೊಕ್ಕ ಬಂತೇನು?’ ಎಂದು ಅತ್ತಲಿಂದ ಮಗ ಕೇಳುತ್ತಾನೆ. ‘ಉಂಡೆನಪ್ಪ. ನೀ ಯಾವಾಗ ಬರ್ತಿ?’ ಎಂದು ಇತ್ತಲಿಂದ ತಾಯಿ ಕೇಳುತ್ತಾಳೆ. ಹಬ್ಬಕ್ಕೆ ಎನ್ನುತ್ತಾನೆ. ಅಲ್ಲಿಂದ ಹಬ್ಬದ ಲೆಕ್ಕ ಸುರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಇಂಥವರೆಲ್ಲ ಒಮ್ಮೆಲೇ ಊರಿಗೆ ಬಂದರು. ಎಷ್ಟು ಜನ ಹೊರಗಿದ್ದರು ಎಂಬುದು ಊರಿಗೆ ಗೊತ್ತಾದದ್ದೇ ಆಗ.

ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗದ ಹೆಸರಿತ್ತು. 2018ರಲ್ಲಿ ಕೇಂದ್ರ ಸರಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಹೆಸರಿಸಿದಾಗ ರಾಜ್ಯದಿಂದ ಆರಿಸಿದ್ದು ಎರಡೇ: ರಾಯಚೂರು, ಯಾದಗಿರಿ. ಹಿಂದುಳಿದ ಎಂಬ ಹೆಸರು ಹೋಗಿ ಮಹತ್ವಾಕಾಂಕ್ಷಿ ಎಂಬ ಹೆಸರು ಬಂತು. ರಾತ್ರಿ ಬಸ್ಸು ಮಾತ್ರ ತನ್ನ ಟೈಮಿಗೆ ಬಿಡುತ್ತಲೇ ಇದೆ. ಈ ಜಿಲ್ಲೆಯಲ್ಲಿ ಟೈಮಿಗೆ ಸರಿಯಾಗಿ ಹೊರಡುವ ಬಸ್ಸು ಇದೊಂದೇ ಎಂದು ಕುಹಕ ಆಡುವವರೂ ಇದ್ದಾರೆ.

ಅಕ್ಕಂದಿರ ಹೊತ್ತು

ಹೊತ್ತು ಕಳೆಯುವ ಮಾತೆಲ್ಲ ಇದುವರೆಗೆ ಗಂಡಸರದೇ ಆಯಿತು. ಕಟ್ಟೆ ಅವರದು, ಹೋಟೆಲು ಅವರದು, ಪೇಪರು ಅವರದು. ಹೆಣ್ಣುಮಕ್ಕಳು ಕಾಯುತ್ತಿದ್ದದ್ದು ನಳದ ಮುಂದೆ, ರೇಶನ್ ಅಂಗಡಿಯ ಮುಂದೆ. ಹಾಗೆ ಕಾಯುವುದನ್ನು ಯಾರೂ ಟೈಮ್‌ಪಾಸ್ ಎನ್ನಲಿಲ್ಲ, ಕೆಲಸ ಎಂದೂ ಲೆಕ್ಕಕ್ಕೆ ಹಿಡಿಯಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸರಕಾರಿ ಸಾದಾ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ದುಡ್ಡಿಲ್ಲ. ಬಸ್ಸಿನಲ್ಲಿ ಸೀಟಿನ ಜಗಳ ಹೆಚ್ಚಾಯಿತು, ಗಂಡಸರು ನಿಲ್ಲುವುದು ಹೆಚ್ಚಾಯಿತು, ಕಂಡಕ್ಟರರ ಗಂಟಲು ಹೋಯಿತು ಎಂಬ ದೂರೆಲ್ಲ ಬಸ್ಸಿನಲ್ಲಿ ದಿನಾ ಕೇಳಿಬರುವಂಥವೇ. ಅದರ ಜೊತೆಗೇ ಇನ್ನೊಂದು ಕಾಣುತ್ತದೆ. ದೇವದುರ್ಗದ ತಾಯಿ ಮಾನ್ವಿಯ ಮಗಳ ಮನೆಗೆ ಬೆಳಿಗ್ಗೆ ಹೋಗಿ ಸಂಜೆಗೆ ತಿರುಗಿ ಬರುತ್ತಾಳೆ. ಮೊದಲಾದರೆ ಹಬ್ಬ, ಹೆರಿಗೆ, ಮಣ್ಣು ಇವಕ್ಕಷ್ಟೇ ಹೋಗುತ್ತಿದ್ದವಳು ಈಗ ‘ಸುಮ್ನ ಬಂದೆ, ನೋಡಬೇಕು ಅನಸ್ತು’ ಎನ್ನುತ್ತಾಳೆ. ಸುಮ್ಮನೆ ಬರುವುದು ಎಂಬುದೊಂದು ಈ ಹೆಂಗಸರ ಬಾಳಿನಲ್ಲಿ ಹೊಸದು. ಅಮ್ಮನವರ ಗುಡಿ, ಜಾತ್ರೆ, ಪೇಟೆ, ಸೀರೆ ಅಂಗಡಿ ಎಲ್ಲೆಲ್ಲೂ ಇದರ ಗುರುತು ಕಾಣುತ್ತದೆ. ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಸಾವಿರ ದಿನ ದಾಟಿದ ಧರಣಿ

ಇಡೀ ಜಿಲ್ಲೆ ಒಟ್ಟಾಗಿ ಕಾದ ಸಂಗತಿಗಳೂ ಇವೆ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೆ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಗೆ ಅದು ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ, ಹದಿಮೂರು ತಿಂಗಳು ತಡವಾಗಿ. ಕನ್ನಡ ನಾಡಿನಲ್ಲಿ ಒಂದಾದದ್ದು 1956ರ ನವೆಂಬರ್ 1ಕ್ಕೆ. ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ಕಲಮು ಸಂವಿಧಾನದಲ್ಲಿ ಸೇರಲು 2013 ಬರಬೇಕಾಯಿತು.

ನಂಜುಂಡಪ್ಪ ವರದಿ ರಾಯಚೂರಿಗೆ ಐಐಟಿ ಬೇಕು ಎಂದಿತ್ತು. 2016ರಲ್ಲಿ ಐಐಟಿ ಸುರುವಾದದ್ದು ಧಾರವಾಡದಲ್ಲಿ. ರಾಯಚೂರಿಗೆ 2019ರಲ್ಲಿ ಐಐಐಟಿ ಬಂತು. ‘ಒಂದು ಐ ಜಾಸ್ತಿನೇ ಕೊಟ್ಟಾರ್ರಿ’ ಎಂದು ನಕ್ಕು ಸುಮ್ಮನಾಗುವ ಗುಣ ಈ ಊರಿನದು. ಆದರೆ ಏಮ್ಸ್ ಆಸ್ಪತ್ರೆಯ ವಿಷಯಕ್ಕೆ ಊರು ನಕ್ಕು ಸುಮ್ಮನಾಗಲಿಲ್ಲ. ರಾಯಚೂರಿಗೇ ಏಮ್ಸ್ ಬೇಕು ಎಂದು 2022ರ ಮೇ ತಿಂಗಳಲ್ಲಿ ಧರಣಿಗೆ ಕೂತರು. 2025ರ ಹೊತ್ತಿಗೆ ಆ ಧರಣಿ ಸಾವಿರ ದಿನ ದಾಟಿತು. ಮಳೆ, ಬಿಸಿಲು, ಚುನಾವಣೆ ಎಲ್ಲ ಬಂದು ಹೋದವು, ಪೆಂಡಾಲು ಏಳಲಿಲ್ಲ.

ದೊಡ್ಡ ಕಾಯಿಲೆ ಬಂದರೆ ಹೈದರಾಬಾದಿಗೋ ಬೆಂಗಳೂರಿಗೋ ಓಡಬೇಕು ಎಂಬುದು ಮೂರೂ ಊರಿನವರಿಗೆ ಗೊತ್ತಿದ್ದ ಸಂಗತಿ. ರಾತ್ರಿ ಹತ್ತಕ್ಕೆ ಎದೆನೋವು ಬಂದರೆ ಕಾಯುವುದು ಎಂಬ ಮಾತಿಗೆ ಬೇರೆಯೇ ಅರ್ಥ ಬರುತ್ತದೆ. ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು ಇದೆ. ಕಾಲುವೆ ನೀರು ತಪ್ಪಿದರೆ ಒಂದು ಬೆಳೆ ಹೋಗುತ್ತದೆ. ಇದು ತಪ್ಪಿದರೆ ಹೋಗುವುದು ಮನುಷ್ಯ. ಧರಣಿಯಲ್ಲಿ ಕೂತವರನ್ನು ನೋಡಿ ಕೆಲಸವಿಲ್ಲದವರು ಎನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಯಾರ ಟೈಮಿಗೆ ಎಷ್ಟು ರೇಟು?

ಗಂಜಿನಲ್ಲಿ ಹತ್ತಿಗೆ ರೇಟಿದೆ, ತೊಗರಿಗೆ ರೇಟಿದೆ, ಹಮಾಲಿಗೆ ಮೂಟೆಗಿಷ್ಟು ಎಂಬ ರೇಟಿದೆ. ರೈತನ ಹೊತ್ತಿಗೆ, ಬಸ್ಸಿಗೆ ನಿಂತ ಮಾಸ್ತರರ ಹೊತ್ತಿಗೆ, ನಳಕ್ಕೆ ನಿಂತ ಹೆಣ್ಣುಮಗಳ ಹೊತ್ತಿಗೆ ಮಾತ್ರ ರೇಟು ಕಟ್ಟಿದವರಿಲ್ಲ. ಪುಕ್ಕಟೆ ಸಿಗುವ ವಸ್ತುವನ್ನು ಯಾರು ಜೋಪಾನ ಮಾಡುತ್ತಾರೆ? ಇವತ್ತು ಆಗದಿದ್ದರೆ ನಾಳೆ ಬರಲಿ, ಅದಕ್ಕೇನಂತೆ ಎಂಬ ಮಾತು ಟೇಬಲ್ಲಿನ ಆ ಕಡೆಯಿಂದ ಸಲೀಸಾಗಿ ಬರುವುದು ಇದಕ್ಕಾಗಿಯೇ. ಈ ಕಡೆ ನಿಂತವನಿಗೆ ಆ ‘ನಾಳೆ’ ಎಂದರೆ ಒಂದು ದಿನದ ಕೂಲಿ, ಎರಡು ಬಸ್ಸಿನ ಟಿಕೀಟು.

ದೊಡ್ಡ ದೊಡ್ಡ ಬೇಡಿಕೆಗಳು ಈಡೇರುವಾಗ ಈಡೇರಲಿ. ಸಣ್ಣವು ಕೆಲವಕ್ಕೆ ದಿಲ್ಲಿಯ ಅಪ್ಪಣೆ ಬೇಕಾಗಿಲ್ಲ. ಕ್ರಾಸಿನಲ್ಲಿ ಬಸ್ಸಿಗೆ ನಿಂತವರ ತಲೆಯ ಮೇಲೊಂದು ನೆರಳು. ಕುಡಿಯಲು ನೀರಿನ ಅರವಟ್ಟಿಗೆ. ರಾಯಚೂರಿನ ಬಿಸಿಲು ಗೊತ್ತಿದ್ದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಬಸ್ಸು ಎಷ್ಟಕ್ಕೆ ಬರುತ್ತದೆ ಎಂದು ಓದಲು ಬರುವಂತೆ ಬರೆದ ಒಂದು ಬೋರ್ಡು. ಸಾಹೇಬರು ಮೀಟಿಂಗಿಗೆ ಹೋಗಿದ್ದರೆ ಹೋಗಿದ್ದಾರೆ ಎಂದು ಬಾಗಿಲಲ್ಲೇ ಹೇಳುವ ಒಬ್ಬ ಮನುಷ್ಯ. ಅಂಗಡಿಯವರು ಮುಂದಿನ ಕಟ್ಟೆಗೆ ಚೂಪುಗಲ್ಲು ಬಡಿಯದೆ ನಾಲ್ಕು ಜನ ಕೂಡಲು ಬಿಟ್ಟರೆ ಅದೂ ಒಂದು ಉಪಕಾರವೇ. ಕೂತವರಲ್ಲಿ ಒಬ್ಬರಾದರೂ ಗಿರಾಕಿ ಆಗಿಯೇ ಆಗುತ್ತಾರೆ.

ಕಾರಹುಣ್ಣಿಮೆಯ ಬಯಲಿನಲ್ಲಿ ಎತ್ತಿನ ಜೋಡಿಗೆ ವೇಳೆ ಹಿಡಿಯಲು ಒಬ್ಬರು ಗಡಿಯಾರ ಹಿಡಿದು ನಿಂತಿರುತ್ತಾರೆ. ನಿಮಿಷ ಆಚೀಚೆ ಆದರೆ ಜನ ಬಿಡುವುದಿಲ್ಲ, ಗಲಾಟೆ ಮಾಡಿ ಕೇಳುತ್ತಾರೆ. ಕಚೇರಿಯ ಕಿಟಕಿಯ ಮುಂದೆ, ಕಾಲುವೆಯ ತೂಬಿನ ಮುಂದೆ, ಆಸ್ಪತ್ರೆಯ ಬಾಗಿಲ ಮುಂದೆ ನಿಂತಾಗಲೂ ಅದೇ ಜನ ಅದೇ ದನಿಯಲ್ಲಿ ‘ಎಷ್ಟೊತ್ತಾತ್ರಿ?’ ಎಂದು ಕೇಳುವುದನ್ನು ಕಲಿತರೆ, ಕಾಯಿಸುವವರಿಗೂ ಗಡಿಯಾರ ನೋಡುವ ರೂಢಿಯಾದೀತು.